ನಾಲ್ಕು ವರ್ಷ ಕ್ಲೋನ್‌ಝಿಲ್ಲಾ ಬಳಸಿದ ಮೇಲೆ

ಪ್ರತಿ ತಿಂಗಳ ಮೊದಲ ಭಾನುವಾರ ರಾತ್ರಿ ಮನೆಯ ಕಂಪ್ಯೂಟರನ್ನು ಪೂರ್ತಿಯಾಗಿ ಶಟ್‌ಡೌನ್ ಮಾಡಿ, ಇಡೀ ಡಿಸ್ಕನ್ನು ನಕಲು ಮಾಡುವ ಉಚಿತ ತಂತ್ರಾಂಶ ಕ್ಲೋನ್‌ಝಿಲ್ಲಾ ಹಾಕಿಟ್ಟಿರುವ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಹೊರಗಿನ ಹಾರ್ಡ್ ಡಿಸ್ಕಿಗೆ ಇಮೇಜ್ (ಇಡೀ ಡಿಸ್ಕಿನ ನಕಲು) ತೆಗೆದಿಡುವುದು ನಾಲ್ಕು ವರ್ಷಗಳಿಂದ ನನ್ನ ರೂಢಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿರಲೇಬೇಕು. ಇಲ್ಲವಾದರೆ ಸಿ ಡ್ರೈವ್ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ಇಮೇಜಿನ ಹೆಸರಿಗೆ ಆ ದಿನದ ತಾರೀಖು ಸೇರಿಸುತ್ತೇನೆ. ಡಿಸ್ಕುಗಳ ಪಟ್ಟಿ ಬಂದಾಗ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನಷ್ಟೇ ನಂಬದೆ, ಮುಂದಿರುವ ಗಾತ್ರವನ್ನೂ ಮಾಡೆಲನ್ನೂ ಓದುತ್ತೇನೆ. ಕೊನೆಯಲ್ಲಿ ಇಮೇಜನ್ನು ಮರಳಿ ಹಾಕಲು ಸಾಧ್ಯವೇ ಎಂದು ತಪಾಸಣೆ ಮಾಡಿಸುವ ಹಂತವನ್ನು, ಎಷ್ಟೇ ಹೊತ್ತಾದರೂ, ಒಮ್ಮೆಯೂ ಬಿಟ್ಟಿಲ್ಲ.

ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್‌ನಂಥ ಪರಿಚಿತ ಫೈಲ್ ವ್ಯವಸ್ಥೆಗಳಲ್ಲಿ ಇದು ಬಳಕೆಯಾಗಿರುವ ಭಾಗವನ್ನಷ್ಟೇ ನಕಲು ಮಾಡಿ ಕುಗ್ಗಿಸಿಡುತ್ತದೆ. ಹಾಗಾಗಿ ನನ್ನ 500 ಜಿಬಿ ಡಿಸ್ಕಿನಲ್ಲಿದ್ದ ಸುಮಾರು 140 ಜಿಬಿ ಸಾಮಗ್ರಿಯ ಇಮೇಜ್ 90 ಜಿಬಿಯೊಳಗೇ ಮುಗಿಯುತ್ತಿತ್ತು. ಇಮೇಜನ್ನು ಮರಳಿ ಇಳಿಸಲೂ ಅಷ್ಟೇ ಜಾಗ ಸಾಕೆಂಬ ತಪ್ಪು ನಂಬಿಕೆ ನನ್ನಲ್ಲಿ ಬೆಳೆದದ್ದೂ ಇದರಿಂದಲೇ.

ಕಳೆದ ವರ್ಷ ಹಳೆಯ ಡಿಸ್ಕಿನ ಬದಲು 480 ಜಿಬಿಯ ಎಸ್‌ಎಸ್‌ಡಿ ಹಾಕಿ, ಇಮೇಜನ್ನು ಅದರ ಮೇಲೆ ಇಳಿಸಲು ಕುಳಿತೆ. ಹೊಸ ಡಿಸ್ಕ್ ಚಿಕ್ಕದಾಯಿತೆಂಬ ಸೂಚನೆ ಬಂದು ಕೆಲಸ ಅಲ್ಲೇ ನಿಂತಿತು. ಇಮೇಜಿನಲ್ಲಿ ಫೈಲುಗಳ ಜೊತೆಗೆ ಪಾರ್ಟಿಷನ್ನಿನ (ಡಿಸ್ಕಿನ ವಿಭಾಗದ) ಪೂರ್ಣ ಅಳತೆಯೂ ಇರುತ್ತದೆ. ಅದನ್ನು ಇಳಿಸುವ ಜಾಗ ಮೂಲದಷ್ಟಾದರೂ ದೊಡ್ಡದಿರಬೇಕೆಂದು ಕ್ಲೋನ್‌ಝಿಲ್ಲಾದ ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ನಾನು ಅದನ್ನು ಓದಿದ್ದು ಆ ರಾತ್ರಿ. ಆದರೂ ಬೇಸರವಾಯಿತು, ಈಗಲೂ ಇದೆ. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಹೋಗುವವರು ಸ್ವಲ್ಪ ಚಿಕ್ಕದನ್ನು ಕೊಳ್ಳುವುದು ತೀರಾ ಸಾಮಾನ್ಯವಾಗಿರುವಾಗ, ಈ ಮಾತು ಇಮೇಜ್ ತೆಗೆಯುವ ಹೊತ್ತಿನಲ್ಲೇ ಪರದೆಯ ಮೇಲೆ ಬರಬೇಕಿತ್ತು. ಹಳೆಯ ಡಿಸ್ಕ್ ಅಷ್ಟರಲ್ಲಿ ಕೆಟ್ಟಿದ್ದರೆ ತೆಗೆದಿಟ್ಟ ಇಮೇಜುಗಳೆಲ್ಲ ದೊಡ್ಡ ಡಿಸ್ಕೊಂದು ಸಿಗುವ ತನಕ ಕಾಯಬೇಕಾಗುತ್ತಿತ್ತು.

ಅದು ಕೆಟ್ಟಿರಲಿಲ್ಲ. ಮರುದಿನ ಅದನ್ನೇ ಮತ್ತೆ ಜೋಡಿಸಿ, ಪಾರ್ಟಿಷನ್ನುಗಳನ್ನು ಕುಗ್ಗಿಸಿ, ಖಾಲಿ ಜಾಗವೆಲ್ಲ ಡಿಸ್ಕಿನ ಕೊನೆಗೆ ಬರುವಂತೆ ಪಾರ್ಟಿಷನ್ ಹೊಂದಿಸುವ ತಂತ್ರಾಂಶ ಜಿಪಾರ್ಟೆಡ್‌ನಲ್ಲಿ ಸರಿಸಿ, ಹೊಸ ಇಮೇಜ್ ತೆಗೆದೆ. ಇಳಿಸುವಾಗ ಪರಿಣತರ ಆಯ್ಕೆಗಳಲ್ಲಿ ಡಿಸ್ಕಿನ ಗಾತ್ರದ ತಪಾಸಣೆಯನ್ನು ಬಿಡುವ ‘ಐಸಿಡಿಎಸ್’ ಗುರುತು ಹಾಕಿದೆ. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೇ ಎಂದು ಅದು ಎರಡು ಬಾರಿ ಕೇಳಿತು; ಎರಡು ಬಾರಿಯೂ ಮಾಡೆಲ್ ನೋಡಿಯೇ ‘ವೈ’ ಒತ್ತಿದೆ. ಎಸ್‌ಎಸ್‌ಡಿಯಿಂದ ಯಂತ್ರ ಎದ್ದಾಗ ಪ್ರಿಂಟರ್ ಹೊಂದಾಣಿಕೆ, ಕನ್ನಡ ಕೀಲಿಮಣೆ, ಡೆಸ್ಕ್‌ಟಾಪಿನಲ್ಲಿ ಅರ್ಧಕ್ಕೆ ನಿಲ್ಲಿಸಿದ್ದ ಪತ್ರ ಎಲ್ಲವೂ ಇದ್ದ ಜಾಗದಲ್ಲೇ ಇದ್ದವು. ಹಿಂದಿನ ರಾತ್ರಿಯ ಸಿಟ್ಟು ಅದನ್ನು ನೋಡುತ್ತಲೇ ಇಳಿಯಿತು.

ಕಳೆದ ಬಾರಿಯಿಂದ ಬದಲಾದದ್ದನ್ನಷ್ಟೇ ಸೇರಿಸುವ ಸೌಲಭ್ಯ ಇದರಲ್ಲಿಲ್ಲ. ಇಮೇಜಿನೊಳಗಿಂದ ಒಂದೇ ಫೈಲನ್ನು ನೇರವಾಗಿ ತೆಗೆಯಲೂ ಬರುವುದಿಲ್ಲ. ನಿತ್ಯವೂ ಬದಲಾಗುವ ಕಡತಗಳಿಗಷ್ಟೇ ರಕ್ಷಣೆ ಬೇಕಿದ್ದವರಿಗೆ ಇದು ತಕ್ಕದ್ದಲ್ಲ. ನಾನು ಅಂಥವನ್ನು ಬೇರೆಯಾಗಿ ನಕಲು ಮಾಡಿಡುತ್ತೇನೆ. ಇಡೀ ಯಂತ್ರವನ್ನು ಉಚಿತವಾಗಿ ಮರಳಿ ಪಡೆಯಬೇಕೆಂದರೆ ಇದನ್ನು ಬಿಟ್ಟು ಬೇರೆಯದಕ್ಕೆ ಹೋಗಲು ನನಗೆ ಕಾರಣ ಸಿಕ್ಕಿಲ್ಲ. ಹೊಸ ಎಸ್‌ಎಸ್‌ಡಿಯ ಕೊನೆಯಲ್ಲಿ ಮಾತ್ರ 40 ಜಿಬಿ ಜಾಗವನ್ನು ಯಾವ ಪಾರ್ಟಿಷನ್ನಿಗೂ ಸೇರಿಸದೆ ಖಾಲಿ ಬಿಟ್ಟಿದ್ದೇನೆ.