ಟೋಪ್‌ಕಪಿಯೋ, ಡೋಲ್ಮಾಬಾಚೆಯೋ? ಇಸ್ತಾಂಬುಲ್‌ನ ಎರಡು ಅರಮನೆ, ನಮ್ಮ ಮನೆಯ ವಾದ

ಇಸ್ತಾಂಬುಲ್‌ಗೆ ಹೊರಟವರು ಕೇಳುವುದು ಇದನ್ನೇ. ಅರಮನೆ ಎರಡಿವೆಯಂತೆ, ಒಂದಕ್ಕೇ ಟೈಮಿದೆ, ಯಾವುದು ನೋಡೋಣ? ಕೇಳುವುದರಲ್ಲಿ ಅರ್ಥವಿದೆ. ಎರಡರ ಟಿಕೆಟ್ಟೂ ಅಗ್ಗವಲ್ಲ. ಹೊರದೇಶದವರಿಗೆ ದರವೇ ಬೇರೆ, ಅದೂ ಆಗಾಗ ಏರುತ್ತಿರುತ್ತದೆ. ಮನೆಮಂದಿಯೆಲ್ಲ ಸೇರಿದರೆ ಜೇಬಿಗೆ ಚೆನ್ನಾಗಿಯೇ ತಾಗುತ್ತದೆ.

ನಾವು ಎರಡನ್ನೂ ನೋಡಿದೆವು. ಮಂಡಿನೋವಿನ ಅತ್ತೆ, ಇತಿಹಾಸದ ಹುಚ್ಚಿನ ಮಾವ, ನಾನು, ನನ್ನ ಗಂಡ, ಎರಡು ಮಕ್ಕಳು. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಒಂದೇ ಅಂದರೆ ಟೋಪ್‌ಕಪಿ. ಅತ್ತೆಯನ್ನು ಕೇಳಿದರೆ ಮಾತ್ರ ಡೋಲ್ಮಾಬಾಚೆ ಅನ್ನುತ್ತಾರೆ. ಅವರ ಕಾರಣಗಳೂ ಸುಮ್ನೆ ತಳ್ಳಿಹಾಕುವಂಥವಲ್ಲ.

ಎರಡೂ ಒಂದೇ ಮನೆತನದವು. 1453ರಲ್ಲಿ ನಗರ ಗೆದ್ದ ಎರಡನೇ ಮೆಹ್ಮದ್, ಆಮೇಲೆ ಕೆಲವೇ ವರ್ಷಗಳಲ್ಲಿ ಟೋಪ್‌ಕಪಿ ಕೆಲಸ ಶುರು ಮಾಡಿಸಿದ. ಹತ್ತಿರ ಹತ್ತಿರ 400 ವರ್ಷ ಒಟ್ಟೋಮನ್ ಸುಲ್ತಾನರ ಮನೆ ಅದೇ. ನಂತರ ಅಬ್ದುಲ್‌ಮಜೀದ್ 1843ರಲ್ಲಿ ಬಾಸ್ಫರಸ್ ಜಲಸಂಧಿಯ ದಡದಲ್ಲಿ ಹೊಸದೊಂದನ್ನು ಕಟ್ಟಿಸಲು ಹಿಡಿದು, 1856ರಲ್ಲಿ ಸಂಸಾರ ಸಮೇತ ಅಲ್ಲಿಗೆ ಹೋದ. ಅದು ಡೋಲ್ಮಾಬಾಚೆ.

ಹೋಗುವುದು ಸುಲಭ. ಎರಡಕ್ಕೂ ಟಿ1 ಟ್ರಾಮ್ ಸಾಕು. ಒಂದು ಎಚ್ಚರಿಕೆ: ಆ ಲೈನಿನಲ್ಲಿ ಟೋಪ್‌ಕಪಿ ಅಂತಲೇ ಒಂದು ಸ್ಟಾಪ್ ಇದೆ. ಅದಕ್ಕೂ ಅರಮನೆಗೂ ಸಂಬಂಧವಿಲ್ಲ. ಅದು ದೂರದಲ್ಲಿ, ಹಳೇ ಕೋಟೆಗೋಡೆಯ ಹತ್ತಿರ. ಅರಮನೆಗೆ ಇಳಿಯಬೇಕಾದದ್ದು ಗುಲ್ಹಾನೆ ಅಥವಾ ಸುಲ್ತಾನಹ್ಮೆತ್‌ನಲ್ಲಿ. ಡೋಲ್ಮಾಬಾಚೆಗಾದರೆ ಕೊನೆಯ ಸ್ಟಾಪ್ ಕಬಾತಾಷ್‌ನಲ್ಲಿ ಇಳಿದು ದಡದ ರಸ್ತೆಯಲ್ಲಿ ಸ್ವಲ್ಪ ನಡೆದರೆ ಆಯಿತು.

ಟೋಪ್‌ಕಪಿಯನ್ನು ಅರಮನೆ ಅಂದುಕೊಂಡು ಹೋದರೆ ನಿರಾಸೆ ಗ್ಯಾರಂಟಿ. ಎತ್ತರದ ಮುಂಭಾಗ, ದೊಡ್ಡ ಮೆಟ್ಟಿಲು, ದರ್ಬಾರು ಹಾಲು, ಇಂಥದ್ದೇನೂ ಅಲ್ಲಿಲ್ಲ. ಒಂದರ ಹಿಂದೆ ಒಂದು ನಾಲ್ಕು ಅಂಗಳ, ಅವುಗಳ ಸುತ್ತ ತಗ್ಗು ಕಟ್ಟಡಗಳು. ಮೊದಲ ಅಂಗಳಕ್ಕೆ ಟಿಕೆಟ್ ಬೇಡ. ಮರದ ನೆರಳು, ಪಕ್ಕದಲ್ಲಿ ಹಳೆಯ ಹಾಗಿಯಾ ಐರೀನ್ ಚರ್ಚು. ಎರಡು ಮೊನಚು ಗೋಪುರದ ಬಾಬುಸ್ಸಲಾಂ ಬಾಗಿಲಿನಿಂದ ಆಚೆಗೆ ಟಿಕೆಟ್. ಈ ಬಾಗಿಲಿನಲ್ಲಿ ಸುಲ್ತಾನನನ್ನು ಬಿಟ್ಟು ಎಲ್ಲರೂ ಕುದುರೆ ಇಳಿದು ನಡೆಯಬೇಕಿತ್ತು. ಅತ್ತೆ ಕೆಳಗಿನ ಕಲ್ಲುಹಾಸು ನೋಡಿ, "ನನಗಾದರೆ ಕುದುರೆ ಬೇಕಿತ್ತು" ಅಂದರು.

ಒಳಗೆ ಹೋದವರೆಲ್ಲ ಖಜಾನೆಯ ಕಡೆ ಓಡುತ್ತಾರೆ. ನೀವು ಬಲಕ್ಕೆ ತಿರುಗಿ, ಅಡುಗೆಮನೆಗೆ ಹೋಗಿ. ಸಾಲುಸಾಲು ಚಿಮಣಿಗಳ ಉದ್ದನೆಯ ಕಟ್ಟಡ. 1574ರ ಬೆಂಕಿಯಲ್ಲಿ ಸುಟ್ಟ ಮೇಲೆ ಮಹಾಶಿಲ್ಪಿ ಸಿನಾನ್ ಅದನ್ನು ಮತ್ತೆ ಕಟ್ಟಿದ. ದಿನಾ ಸಾವಿರಾರು ಜನಕ್ಕೆ ಇಲ್ಲಿಂದ ಊಟ ಹೋಗುತ್ತಿತ್ತು. ಮಗ ಒಳಗೆ ಮಲಗಬಹುದಾದಷ್ಟು ದೊಡ್ಡ ತಾಮ್ರದ ಕೊಪ್ಪರಿಗೆಗಳು ಈಗಲೂ ಇವೆ. ಪಕ್ಕದಲ್ಲೇ ಚೀನಾದ ಪಿಂಗಾಣಿ. ಅರಮನೆಯ ಒಟ್ಟು ಸಂಗ್ರಹ 10,000ಕ್ಕೂ ಜಾಸ್ತಿ, ಅದರಲ್ಲಿ ಒಂದು ಭಾಗ ಮಾತ್ರ ನಮ್ಮ ಕಣ್ಣಿಗೆ. ಮಂಜುಹಸಿರು ಬಣ್ಣದ ಸೆಲಡಾನ್ ತಟ್ಟೆಗಳಿಗೆ ಅಲ್ಲಿ ಭಾರೀ ಬೆಲೆಯಿತ್ತು. ಊಟದಲ್ಲಿ ವಿಷವಿದ್ದರೆ ತಟ್ಟೆಯ ಬಣ್ಣ ಬದಲಾಗುತ್ತದೆ ಅನ್ನುವ ನಂಬಿಕೆ ಅದಕ್ಕೆ ಕಾರಣ. ಬಣ್ಣ ಬದಲಾಗುವುದಿಲ್ಲ, ಬಿಡಿ. ಆದರೆ ಅಷ್ಟು ದೂರದಿಂದ ಅಷ್ಟೊಂದು ತಟ್ಟೆ ತರಿಸಿಟ್ಟವರಿಗೆ ಎಷ್ಟು ಭಯ ಇದ್ದಿರಬೇಕು?

ಭಯದ ವಿಷಯಕ್ಕೆ ಎದುರು ಬದಿಯ ದಿವಾನ್ ಕೋಣೆಯನ್ನೂ ನೋಡಬೇಕು. ಮಂತ್ರಿಗಳು ಸಭೆ ಸೇರುತ್ತಿದ್ದ ಜಾಗ. ಪ್ರಧಾನ ಮಂತ್ರಿ ಕೂರುವ ಕಡೆ ತಲೆಯ ಮೇಲೆ ಗೋಡೆಯಲ್ಲಿ ಚಿನ್ನದ ಬಣ್ಣದ ಜಾಲರಿಯ ಕಿಟಕಿ. ಅದರ ಹಿಂದೆ ಸುಲ್ತಾನ ಕೂತು ಕೇಳಿಸಿಕೊಳ್ಳಬಹುದಿತ್ತು. ಇದ್ದಾನೋ ಇಲ್ಲವೋ ಅಂತ ಕೆಳಗಿದ್ದವರಿಗೆ ತಿಳಿಯುತ್ತಿರಲಿಲ್ಲ. ಮಗಳು ಕತ್ತೆತ್ತಿ ಅದನ್ನೇ ನೋಡುತ್ತಾ, "ತಾತ, ಅವನು ಬರದೇ ಇರೋ ದಿನಾನೂ ಇವರು ಹೆದರ್ತಿದ್ರಾ?" ಅಂದಳು. "ಅದೇ ಉಪಾಯ ಕಣಮ್ಮ" ಅಂದರು ಮಾವ. ಅವಳು ಮತ್ತೆ ಮತ್ತೆ ಆ ಜಾಲರಿಯ ಕೆಳಗೆ ಹೋಗಿ ನಿಂತು ಬಂದಳು.

ಖಜಾನೆಯಲ್ಲಿ ಕ್ಯೂ ಉದ್ದ, ಫೋಟೋ ಇಲ್ಲ. ಆದರೂ ಎರಡು ವಸ್ತುಗಳಿಗಾಗಿ ನಿಲ್ಲಬಹುದು. ಒಂದು 86 ಕ್ಯಾರೆಟ್‌ನ ಕಾಶಿಕ್ಚಿ ವಜ್ರ, ಸುತ್ತ 49 ಪುಟ್ಟ ವಜ್ರಗಳು. ಯಾರೋ ಬಡವನಿಗೆ ಕಸದಲ್ಲಿ ಸಿಕ್ಕಿ, ಚಮಚ ಮಾಡುವವನಿಗೆ ಮೂರು ಚಮಚಕ್ಕೆ ಕೊಟ್ಟುಬಿಟ್ಟ ಅನ್ನುವ ಕತೆ ಇದಕ್ಕೆ ಅಂಟಿಕೊಂಡಿದೆ. ಇನ್ನೊಂದು ಹಿಡಿಯಲ್ಲಿ ಮೂರು ದೊಡ್ಡ ಪಚ್ಚೆಗಳಿರುವ ಕಠಾರಿ. ಪರ್ಷಿಯಾದ ನಾದಿರ್ ಷಾನಿಗೆ ಉಡುಗೊರೆಯಾಗಿ ಹೊರಟಿತ್ತು. ದಾರಿಯಲ್ಲಿರುವಾಗಲೇ, 1747ರಲ್ಲಿ, ಷಾ ಕೊಲೆಯಾದ ಸುದ್ದಿ ಬಂತು. ಕಠಾರಿ ವಾಪಸ್. ಹಿಡಿಯ ತುದಿಯಲ್ಲಿ ಮುಚ್ಚಳದ ಕೆಳಗೆ ಪುಟ್ಟ ಗಡಿಯಾರವೂ ಇದೆ.

ಹರೆಮ್ ಅಂದರೆ ಸುಲ್ತಾನರ ಅಂತಃಪುರ. ಅದರ ಬಗ್ಗೆ ಜನಕ್ಕೆ ಏನೇನೋ ಕಲ್ಪನೆ. ಹೋಗಿ ನೋಡಿದರೆ ಅದು ಇಕ್ಕಟ್ಟಿನ ಓಣಿಗಳ ಮನೆ. 300ಕ್ಕೂ ಜಾಸ್ತಿ ಕೋಣೆಗಳಿವೆ, ತೆರೆದಿರುವುದು ಸ್ವಲ್ಪವೇ. ಗೋಡೆ ತುಂಬ ಇಜ್ನಿಕ್ ಊರಿನ ನೀಲಿ, ಕೆಂಪು ಬಣ್ಣದ ಹೆಂಚುಗಳು. 1595ರಲ್ಲಿ ಪಟ್ಟಕ್ಕೆ ಬಂದ ಮೂರನೇ ಮೆಹ್ಮದ್ ತನ್ನ 19 ತಮ್ಮಂದಿರನ್ನು ಕೊಲ್ಲಿಸಿದ. ಆಮೇಲಿನ ಕಾಲದಲ್ಲಿ ಕೊಲ್ಲುವ ಬದಲು ರಾಜಕುಮಾರರನ್ನು ಇಲ್ಲೇ ಕೂಡಿಹಾಕುವ ಪದ್ಧತಿ ಬಂತು. ವರ್ಷಗಟ್ಟಲೆ ಹಾಗೆ ಕೂಡಿಹಾಕಿದ್ದ ಇಬ್ರಾಹಿಂ 1640ರಲ್ಲಿ ಸುಲ್ತಾನನೇ ಆದ. ಮಾವ ಇದನ್ನೆಲ್ಲ ಮಕ್ಕಳಿಗೆ ಎಷ್ಟು ಹೇಳಬೇಕು ಅಂತ ಲೆಕ್ಕ ಹಾಕುತ್ತಾ, ಸ್ವಲ್ಪ ನುಂಗಿ ಸ್ವಲ್ಪ ಹೇಳಿದರು. ಹರೆಮ್ ಬಿಟ್ಟು ಬರುವವರೂ ಇದ್ದಾರೆ. ಟೋಪ್‌ಕಪಿಗೆ ಹೋಗಿ ಹರೆಮ್ ನೋಡದಿದ್ದರೆ ಅರ್ಧ ನೋಡಿದ ಹಾಗೆ.

ಅತ್ತೆಗೆ ಮಾತ್ರ ಇದ್ಯಾವುದೂ ಹಿಡಿಸಲಿಲ್ಲ. "ಕೋಣೆಯೆಲ್ಲ ಖಾಲಿ, ಮಂಚವಿಲ್ಲ, ಕುರ್ಚಿಯಿಲ್ಲ. ಇದೆಂಥ ರಾಜರ ಮನೆ?" ಅಂತ ಅವರ ತಕರಾರು. ಅದು ನಿಜ. ಇಲ್ಲಿ ಬಾಳಿದವರು ಗೋಡೆಗೆ ತಾಗಿದ ತಗ್ಗು ದಿವಾನಗಳ ಮೇಲೆ, ದಿಂಬಿಗೆ ಒರಗಿ ಕೂರುತ್ತಿದ್ದರು. ಊಟಕ್ಕೆ ತಟ್ಟೆ ತರುವುದು, ಮುಗಿದ ಮೇಲೆ ಒಯ್ಯುವುದು. ರಾತ್ರಿ ಹಾಸಿಗೆ ಬಿಚ್ಚುವುದು, ಬೆಳಿಗ್ಗೆ ಮಡಿಸಿಡುವುದು. ಹೊತ್ತು ಹೊತ್ತಿಗೆ ಎಲ್ಲ ಬದಲಾಗುತ್ತಿದ್ದ ಕೋಣೆಗಳು ಮನುಷ್ಯರಿಲ್ಲದಾಗ ಬರಿದಾಗಿ ಕಾಣುತ್ತವೆ. ನನಗೆ ಆ ಬರಿದೇ ಇಷ್ಟವಾಯಿತು. ಆದರೆ ಅಷ್ಟು ನಡೆದು, ಮಂಡಿ ಹಿಡಿದುಕೊಂಡು ನಿಂತವರಿಗೆ ಇದನ್ನು ಹೇಳಿ ಒಪ್ಪಿಸುವುದು ಕಷ್ಟ ಅಲ್ವಾ.

ಡೋಲ್ಮಾಬಾಚೆಯಲ್ಲಿ ಇದೆಲ್ಲ ಉಲ್ಟಾ. ದಡದ ಉದ್ದಕ್ಕೂ ಬಿಳಿ ಕಟ್ಟಡ, ಮುಂದೆ ಹಂಸಗಳ ಕಾರಂಜಿ. ಒಟ್ಟು 285 ಕೋಣೆ, 46 ಹಾಲು. ಬಾಗಿಲಲ್ಲೇ ಶೂ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಬೇಕು. ಆಮೇಲೆ ಹಗ್ಗ ಕಟ್ಟಿದ ದಾರಿ, ಕಾಲಡಿ ಕಾರ್ಪೆಟ್. ಬೇಕಾದ ಕಡೆ ತಿರುಗುವಂತಿಲ್ಲ, ಹಿಂದೆ ಬರುವಂತಿಲ್ಲ, ಒಳಗೆ ಫೋಟೋನೂ ಇಲ್ಲ. ಮಕ್ಕಳಿಗೆ ಕೈಕಾಲು ಕಟ್ಟಿದ ಹಾಗೆ. ಮಗ ಅರ್ಧ ದಾರಿಯಲ್ಲೇ ಆಡಿಯೋ ಗೈಡಿನ ನಂಬರ್ ಸುಮ್ನೆ ಒತ್ತುತ್ತಾ, ನಾವು ನೋಡದ ಕೋಣೆಗಳ ಕತೆ ಕೇಳುತ್ತಿದ್ದ.

ಅತ್ತೆಯ ಮುಖ ಮಾತ್ರ ಇಲ್ಲಿ ಅರಳಿತು. ನೆಲ ಸಮ, ಕಲ್ಲು ಮುಳ್ಳು ಇಲ್ಲ. ನೋಡಿದಲ್ಲೆಲ್ಲ ಸೋಫಾ, ಮೇಜು, ಹೂದಾನಿ, ಗಡಿಯಾರ, ಹೆರೆಕೆಯಲ್ಲಿ ನೇಯ್ದ ಕಾರ್ಪೆಟ್, ರಷ್ಯಾದ ಜಾರ್ ಕಳಿಸಿದ ಕರಡಿ ಚರ್ಮ. ಮೆಟ್ಟಿಲ ಕಂಬಿಗಳು ಕೂಡ ಫ್ರಾನ್ಸಿನ ಬಕ್ಕರಾ ಗಾಜಿನವು. ಮೊಳಕೈ ಎತ್ತರದ ಆ ಗಾಜಿನ ಕಂಬಿಗಳ ಒಳಗೆ ಮೇಲಿನ ಬೆಳಕು ತುಂಡುತುಂಡಾಗಿ ನಿಂತಿರುತ್ತದೆ. ಮಂಡಿನೋವಿನವರು ಹತ್ತಬೇಕಾದ ದೊಡ್ಡ ಮೆಟ್ಟಿಲೂ ಅದೇ. ಅತ್ತೆ ನಿಂತು ನಿಂತು ಹತ್ತಿದರು, ಒಂದು ಮಾತೂ ಆಡಲಿಲ್ಲ.

ಕೊನೆಗೆ ಬರುವ ದರ್ಬಾರು ಹಾಲಿನಲ್ಲಿ ನಾನೂ ಸೋತೆ. 36 ಮೀಟರ್ ಎತ್ತರದ ಗುಮ್ಮಟ, ಅದರಿಂದ ಇಳಿಬಿಟ್ಟ ನಾಲ್ಕೂವರೆ ಟನ್ ತೂಕದ ಗಾಜಿನ ಗೊಂಚಲು ದೀಪ, 750 ಬಲ್ಬು. ಇದು ವಿಕ್ಟೋರಿಯಾ ರಾಣಿಯ ಉಡುಗೊರೆ ಅಂತ ಬಹಳ ಕಾಲ ಹೇಳುತ್ತಿದ್ದರು. ಈಗಲೂ ಕೆಲವು ಗೈಡ್‌ಗಳು ಹೇಳುತ್ತಾರೆ. 2006ರಲ್ಲಿ ಅದರ ಬಿಲ್ ಸಿಕ್ಕಿತು, ಪೂರ್ತಿ ದುಡ್ಡು ಕೊಟ್ಟೇ ತಂದದ್ದು. ಅರಮನೆಯ ಒಟ್ಟು ಖರ್ಚು 50 ಲಕ್ಷ ಒಟ್ಟೋಮನ್ ಚಿನ್ನದ ನಾಣ್ಯ. ಕೆಲಸ ನಡೆಯುತ್ತಿದ್ದಾಗಲೇ, 1854ರಲ್ಲಿ, ಕ್ರಿಮಿಯಾ ಯುದ್ಧಕ್ಕೆ ಅಂತ ಒಟ್ಟೋಮನ್ ಸರ್ಕಾರ ಮೊದಲ ಸಲ ಹೊರದೇಶದಿಂದ ಸಾಲ ಎತ್ತಿತು. 1875ರ ಹೊತ್ತಿಗೆ ಸಾಲ ತೀರಿಸಲಾಗದೆ ಕೈಚೆಲ್ಲಿತು. ಇದು ತಲೆಯಲ್ಲಿದ್ದರೆ ಆ ಚಿನ್ನದ ಚಾವಣಿ ನೋಡುವ ಕಣ್ಣೇ ಬೇರೆಯಾಗುತ್ತದೆ.

ಇಲ್ಲಿ ಕುರ್ಚಿಯ ಮೇಲೆ ಕೂತವರ ಅಜ್ಜಂದಿರು ಟೋಪ್‌ಕಪಿಯಲ್ಲಿ ದಿಂಬಿಗೆ ಒರಗಿದವರು. ಯುರೋಪಿನ ರಾಯಭಾರಿಗಳು ಬಂದಾಗ ಅವರ ಅರಮನೆಗಳಿಗೆ ಸಮ ಅನ್ನಿಸಬೇಕಿತ್ತು, ಅದಕ್ಕೇ ಬೆಟ್ಟದ ಮೇಲಿಂದ ದಡಕ್ಕೆ ಇಳಿದರು. ಟೋಪ್‌ಕಪಿ ಮೊದಲು ನೋಡಿದ್ದರಿಂದ ನಮಗೆ ಈ ಬದಲಾವಣೆ ಕಣ್ಣಿಗೆ ಹೊಡೆಯಿತು. ಡೋಲ್ಮಾಬಾಚೆಯನ್ನಷ್ಟೇ ನೋಡಿದರೆ, ಯುರೋಪಿನಲ್ಲಿ ಎಲ್ಲೋ ನೋಡಿದ ಇನ್ನೊಂದು ಅರಮನೆ ಅನ್ನಿಸಿಬಿಡಬಹುದು. ನಾನು ಟೋಪ್‌ಕಪಿಗೆ ಓಟು ಹಾಕುವುದು ಇದಕ್ಕೇ. ಅಂಥದ್ದು ಬೇರೆಲ್ಲೂ ಸಿಗುವುದಿಲ್ಲ.

ಒಂದು ಕೋಣೆ ಮಾತ್ರ ಲೆಕ್ಕದ ಹೊರಗೆ. ಡೋಲ್ಮಾಬಾಚೆಯ ಹರೆಮ್ ಭಾಗದಲ್ಲಿ, ಟರ್ಕಿ ಗಣರಾಜ್ಯ ಕಟ್ಟಿದ ಅಟಾಟುರ್ಕ್ ತೀರಿಕೊಂಡ ಕೋಣೆ ಇದೆ. 1938ರ ನವೆಂಬರ್ 10, ಬೆಳಿಗ್ಗೆ 9 ಗಂಟೆ 5 ನಿಮಿಷ. ಗಡಿಯಾರ ಅಲ್ಲೇ ನಿಂತಿದೆ. ಮಂಚದ ಮೇಲೆ ಟರ್ಕಿಯ ಧ್ವಜ ಹೊದಿಸಿದ್ದಾರೆ. ಅಷ್ಟು ಹೊತ್ತು ಗಲಗಲ ಅನ್ನುತ್ತಿದ್ದ ಅಲ್ಲಿಯ ಕುಟುಂಬಗಳು ಇಲ್ಲಿ ಬಂದು ದನಿ ತಗ್ಗಿಸುತ್ತವೆ. ಇವತ್ತಿಗೂ ಆ ದಿನ ಆ ನಿಮಿಷಕ್ಕೆ ಸೈರನ್ ಕೂಗಿ ರಸ್ತೆಯ ವಾಹನಗಳು ನಿಲ್ಲುತ್ತವೆ. ಮಾವ ಟೋಪ್‌ಕಪಿಯ ಪಕ್ಷದವರೇ, ಆದರೆ ಈ ಕೋಣೆಯಿಂದ ಅವರನ್ನು ಹೊರಡಿಸಲು ಕರೆಯಬೇಕಾಯಿತು. ಹರೆಮ್ ಬೇಡ ಅಂತ ಬೇಗ ಹೊರಬಿದ್ದರೆ ಇದು ತಪ್ಪಿಹೋಗುತ್ತದೆ.

ಉಳಿದದ್ದು ಚಿಲ್ಲರೆ. ಮಳೆ ಬಂದರೆ ಡೋಲ್ಮಾಬಾಚೆ ವಾಸಿ, ಟೋಪ್‌ಕಪಿಯಲ್ಲಿ ಅಂಗಳ ದಾಟುವಾಗಲೆಲ್ಲ ನೆನೆಯಬೇಕು. ಬಿಸಿಲಿದ್ದು ಮಕ್ಕಳು ಜೊತೆಗಿದ್ದರೆ ಟೋಪ್‌ಕಪಿ. ಓಡಾಡಲು ಜಾಗವಿದೆ, ನಾಲ್ಕನೇ ಅಂಗಳದಲ್ಲಿ 1639ರ ಬಾಗ್ದಾದ್ ಮಂಟಪದ ಪಕ್ಕ ನಿಂತರೆ ಕೆಳಗೆ ಗೋಲ್ಡನ್ ಹಾರ್ನ್ ಕೊಲ್ಲಿ ಕಾಣುತ್ತದೆ. ಕೂತು ಚಹಾ ಕುಡಿಯಲು ಡೋಲ್ಮಾಬಾಚೆಯ ಗಡಿಯಾರ ಗೋಪುರದ ಪಕ್ಕ, ನೀರಿನ ಅಂಚಿನ ಕೆಫೆ ಚೆನ್ನ. ಎರಡಕ್ಕೂ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಹೊತ್ತೇರಿದ ಮೇಲೆ ಬಸ್ಸುಗಟ್ಟಲೆ ಜನ ಬರುತ್ತಾರೆ. ಬಾಗಿಲ ಹತ್ತಿರ ಕ್ಯೂ ತಪ್ಪಿಸಿ ಒಳಗೆ ಬಿಡಿಸುತ್ತೇವೆ ಅಂತ ಬೆನ್ನು ಹತ್ತುವ ಏಜೆಂಟರಿಗೆ ತಲೆ ಕೊಡಬೇಡಿ.

ಟೋಪ್‌ಕಪಿ ಮುಗಿಸಿಯೂ ಕಾಲಲ್ಲಿ ಕಸುವಿದ್ದರೆ, ಗುಲ್ಹಾನೆ ಕಡೆ ಇಳಿಯುವ ದಾರಿಯಲ್ಲೇ ಪುರಾತತ್ವ ಮ್ಯೂಸಿಯಂ ಇದೆ. ಅಲೆಕ್ಸಾಂಡರ್ ಯುದ್ಧ ಮಾಡುವ ಕೆತ್ತನೆಯಿರುವ ದೊಡ್ಡ ಕಲ್ಲಿನ ಶವಪೆಟ್ಟಿಗೆ, ಈಜಿಪ್ಟಿನವರೂ ಈಗಿನ ಟರ್ಕಿಯ ನೆಲದಲ್ಲಿ ಹಿಂದೆ ಆಳಿದ ಹಿಟ್ಟೈಟರೂ ಮಾಡಿಕೊಂಡ ಕಾದೇಶ್ ಒಪ್ಪಂದದ ಮಣ್ಣಿನ ಹಲಗೆ ಅಲ್ಲಿವೆ. ಮಾವನಂಥವರಿಗೆ ಹಬ್ಬ. ಉಳಿದವರು ಹೊರಗೆ ಕೂತು ಸಿಮಿತ್, ಅಂದರೆ ಎಳ್ಳು ಹಚ್ಚಿದ ಬಳೆಯಾಕಾರದ ಬ್ರೆಡ್, ತಿನ್ನಬಹುದು.

ಇಷ್ಟಾದ ಮೇಲೂ ತೀರ್ಮಾನವಾಗದಿದ್ದರೆ ಕ್ಯಾಲೆಂಡರ್ ನೋಡಿ. ಟೋಪ್‌ಕಪಿಗೆ ಮಂಗಳವಾರ ರಜೆ, ಡೋಲ್ಮಾಬಾಚೆಗೆ ಸೋಮವಾರ.