ಎಲೆಯ ಸಾರದಲ್ಲಿ ಪ್ರೋಟೀನ್ ಅಳೆಯಲು ಲೌರಿಯೇ, ಬ್ರಾಡ್‌ಫೋರ್ಡೇ?

ಎಲೆಯನ್ನು ಅರೆದು ತೆಗೆದ ಸಾರದಲ್ಲಿ ಪ್ರೋಟೀನ್ ಎಷ್ಟಿದೆ ಎಂಬ ಮೊದಲ ಅಂಕಿಯೇ ತಪ್ಪಿದರೆ, ಮುಂದಿನ ಹಂತಗಳ ಇಳುವರಿ, ಶುದ್ಧತೆ, ಕಿಣ್ವದ ಚಟುವಟಿಕೆ ಎಲ್ಲದರ ಲೆಕ್ಕವೂ ತಪ್ಪುತ್ತದೆ. ಹೀಗಾಗಿ ಒಂದೇ ಸಾರವನ್ನು ಲೌರಿ, ಬಿಸಿಎ, ಬ್ರಾಡ್‌ಫೋರ್ಡ್, 280 ನ್ಯಾನೋಮೀಟರ್‌ನ ನೇರ ಓದು ಎಂಬ ನಾಲ್ಕು ವಿಧಾನಗಳಿಂದ ಅಳೆದು ನೋಡಿದೆ. ನಾಲ್ಕೂ ಬೇರೆ ಬೇರೆ ಉತ್ತರ ಕೊಟ್ಟವು.

1951ರಲ್ಲಿ ಪ್ರಕಟವಾದ ಲೌರಿ ವಿಧಾನದ ಅಂಕಿ ಎಲ್ಲಕ್ಕಿಂತ ಹೆಚ್ಚು ಬಂತು. ಕಾರಣ ಸ್ಪಷ್ಟ: ಅದರಲ್ಲಿ ಬಳಸುವ ಫೋಲಿನ್ ಕಾರಕವು ಪ್ರೋಟೀನ್‌ನ ಅಮೈನೋ ಆಮ್ಲಗಳಾದ ಟೈರೋಸಿನ್, ಟ್ರಿಪ್ಟೋಫ್ಯಾನ್‌ಗಳೊಡನೆ ನೀಲಿಯಾಗುವಂತೆಯೇ ಎಲೆಯ ಫೀನಾಲ್‌ಗಳೊಡನೆಯೂ ನೀಲಿಯಾಗುತ್ತದೆ; ಸಸ್ಯಗಳ ಒಟ್ಟು ಫೀನಾಲ್ ಅಳೆಯಲು ಅದೇ ಕಾರಕವನ್ನು ಬಳಸುವುದುಂಟು. ಆ ಬಣ್ಣ ಎಷ್ಟು ಬೆಳಕನ್ನು ಹೀರುತ್ತದೆ ಎಂಬುದನ್ನು 660 ನ್ಯಾನೋಮೀಟರ್ ತರಂಗಾಂತರದಲ್ಲಿ ಓದಿದರೆ ಸಾರದಲ್ಲಿ ಉಳಿದ ಕ್ಲೋರೊಫಿಲ್ ಕೂಡ ಸೇರಿಕೊಳ್ಳುವುದರಿಂದ 750ರಲ್ಲಿ ಓದುವುದು ಲೇಸು. ಪ್ರೋಟೀನ್‌ನಿಂದಾಗುವ ತಾಮ್ರದ ಅಪಕರ್ಷಣವನ್ನೇ (ತಾಮ್ರ ಎಲೆಕ್ಟ್ರಾನ್ ಪಡೆಯುವುದನ್ನೇ) ನೆಚ್ಚಿರುವ ಬಿಸಿಎ (ಬೈಸಿಂಕೋನಿನಿಕ್ ಆಮ್ಲ) ವಿಧಾನ ಬಳಸಲು ಸುಲಭವಾದರೂ ಆಸ್ಕಾರ್ಬಿಕ್ ಆಮ್ಲ, ಡಿಟಿಟಿಯಂಥ (ಡೈಥಯೋಥ್ರೈಟಾಲ್), ತಾವೇ ತಾಮ್ರಕ್ಕೆ ಎಲೆಕ್ಟ್ರಾನ್ ಕೊಡುವ ಅಪಕರ್ಷಕಗಳ ಎದುರು ಸೋಲುತ್ತದೆ, ಮತ್ತು ಎಲೆ ಅರೆಯುವ ಬಫರ್‌ಗೆ ನಾವು ಹಾಕುವುದು ಹೆಚ್ಚಾಗಿ ಅವುಗಳನ್ನೇ.

ಬ್ರಾಡ್‌ಫೋರ್ಡ್ ವಿಧಾನ (1976) ನನಗೆ ಹೆಚ್ಚು ನಂಬಿಕೆ ಹುಟ್ಟಿಸಿತು. ಕೂಮಾಸಿ ಬಣ್ಣವು ಮುಖ್ಯವಾಗಿ ಆರ್ಜಿನಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡಾಗ ಅದರ ಹೀರಿಕೆ 465ರಿಂದ 595 ನ್ಯಾನೋಮೀಟರ್‌ಗೆ ಸರಿಯುತ್ತದೆ. ಅಪಕರ್ಷಕಗಳು ಅದಕ್ಕೆ ಹೆಚ್ಚು ತೊಂದರೆ ಕೊಡುವುದಿಲ್ಲ, ಕೆಲವೇ ನಿಮಿಷಗಳಲ್ಲಿ ಬಣ್ಣ ನಿಲ್ಲುತ್ತದೆ. ಆದರೆ ಎಸ್‌ಡಿಎಸ್ ಎಂಬ ಮಾರ್ಜಕ ಇದ್ದ ಸಾರಕ್ಕೆ ಅದು ಒಗ್ಗದು, ಮಾದರಿ ಇಡುವ ಪುಟ್ಟ ಪಾತ್ರೆಯಾದ ಕ್ಯುವೆಟ್‌ನ ಗೋಡೆಗೂ ಬಣ್ಣ ಹಿಡಿಯುತ್ತದೆ. ದನದ ರಕ್ತದ ಪ್ರೋಟೀನ್ ಆದ ಬೋವೈನ್ ಸೀರಮ್ ಆಲ್ಬುಮಿನ್ ಈ ಬಣ್ಣವನ್ನು ಬಹಳಷ್ಟು ಪ್ರೋಟೀನ್‌ಗಳಿಗಿಂತ ಹೆಚ್ಚು ಹಿಡಿಯುವುದರಿಂದ, ಅದನ್ನೇ ಮಾನಕವಾಗಿ (ಹೋಲಿಕೆಗೆ ಬಳಸುವ, ಪ್ರಮಾಣ ಗೊತ್ತಿರುವ ಪ್ರೋಟೀನ್ ಆಗಿ) ಇಟ್ಟರೆ ಬೇರೆ ಪ್ರೋಟೀನ್‌ಗಳ ಅಂಕಿ ಕಡಿಮೆ ತೋರುತ್ತದೆ ಎಂಬುದನ್ನು ಮರೆಯಬಾರದು.

280 ನ್ಯಾನೋಮೀಟರ್‌ನ ನೇರ ಓದು ಹಸಿ ಸಾರಕ್ಕೆ ಸಲ್ಲದು. ಫೀನಾಲ್‌ಗಳೂ ನ್ಯೂಕ್ಲಿಯಿಕ್ ಆಮ್ಲಗಳೂ ಅಲ್ಲಿಯೇ ಹೀರುತ್ತವೆ. ಶುದ್ಧಗೊಂಡ ಮೇಲೆ ಮಾತ್ರ ಮಾದರಿಯನ್ನು ವ್ಯಯಿಸದ ಈ ಓದಿಗೆ ಸಮನಾದದ್ದಿಲ್ಲ.

ಯಾವ ಅಂಕಿಯನ್ನು ನಂಬಬೇಕೆಂದು ತೀರ್ಮಾನಿಸಲು ಎರಡು ಪರೀಕ್ಷೆಗಳು ನೆರವಾದವು. ಸಾರವನ್ನು ಹಂತಹಂತವಾಗಿ ದುರ್ಬಲಗೊಳಿಸಿ, ಓದು ಅದೇ ಪ್ರಮಾಣದಲ್ಲಿ ಇಳಿಯುತ್ತದೆಯೇ ಎಂದು ನೋಡಿದೆ. ಗೊತ್ತಿರುವಷ್ಟು ಆಲ್ಬುಮಿನ್ ಸೇರಿಸಿ, ಅದು ಲೆಕ್ಕದಲ್ಲಿ ಪೂರ್ತಿ ಮರಳುತ್ತದೆಯೇ ಎಂದೂ ನೋಡಿದೆ. ಎರಡರಲ್ಲೂ ಬ್ರಾಡ್‌ಫೋರ್ಡ್ ಮುಂದಿತ್ತು. ಆದರೂ ಎರಡನೆಯದು ಫೀನಾಲ್‌ನ ಸೇರಿಕೆಯನ್ನು ಹಿಡಿದುಕೊಡದು, ಏಕೆಂದರೆ ಮೊದಲೇ ಹೆಚ್ಚಿರುವ ಅಂಕಿಯ ಮೇಲೂ ಸೇರಿಸಿದ ಆಲ್ಬುಮಿನ್ ಸರಿಯಾಗಿಯೇ ಕಾಣಬಹುದು. ಅದಕ್ಕಾಗಿ ಸಾರದ ಪ್ರೋಟೀನನ್ನು ಟ್ರೈಕ್ಲೋರೊಅಸಿಟಿಕ್ ಆಮ್ಲದಿಂದ ಒತ್ತರಿಸಿ (ದ್ರಾವಣದಿಂದ ಗಟ್ಟಿಯಾಗಿ ಬೇರ್ಪಡಿಸಿ), ತಣ್ಣನೆಯ ಅಸಿಟೋನ್‌ನಲ್ಲಿ ತೊಳೆದು, ಮತ್ತೆ ಕರಗಿಸಿ ಅಳೆದೆ. ಆಗ ಲೌರಿಯ ಅಂಕಿ ಇಳಿದು ಬ್ರಾಡ್‌ಫೋರ್ಡ್‌ನ ಹತ್ತಿರ ಬಂತು. ಅಷ್ಟು ಕೆಲಸಕ್ಕೆ ಸಮಯವಿಲ್ಲದವರು ಅರೆಯುವಾಗಲೇ ಫೀನಾಲ್ ಹಿಡಿಯುವ ಪಿವಿಪಿಪಿ ಎಂಬ ಕರಗದ ಪಾಲಿಮರ್ ಸೇರಿಸಿ, ಬ್ರಾಡ್‌ಫೋರ್ಡ್‌ನಲ್ಲಿ ಅಳೆದು, ಯಾವ ಮಾನಕ ಬಳಸಿದೆವೆಂಬುದನ್ನು ಅಂಕಿಯ ಪಕ್ಕದಲ್ಲಿಯೇ ಬರೆದಿಡಬೇಕು.