ಅರವತ್ತು ಸಾವಿರ ಯೂನಿಟ್‌ನ ವಿಟಮಿನ್ ಡಿ ಪುಡಿ: ಮದ್ದು ಒಳ್ಳೆಯದು, ಪೊಟ್ಟಣ ಸಾಲದು

ಮೊಣಕಾಲು ನೋವೆಂದು ವೈದ್ಯರಲ್ಲಿಗೆ ಹೋದಾಗ, ರಕ್ತಪರೀಕ್ಷೆಯಲ್ಲಿ ನನ್ನ ವಿಟಮಿನ್ ಡಿ ಪ್ರಮಾಣ ಮಿಲಿಲೀಟರಿಗೆ 11 ನ್ಯಾನೊಗ್ರಾಂ ಎಂದು ಬಂದಿತು. ಇಪ್ಪತ್ತಕ್ಕಿಂತ ಕೆಳಗಿದ್ದರೆ ಕೊರತೆಯೆಂದೇ ಲೆಕ್ಕ. ಅವರು ಬರೆದುಕೊಟ್ಟದ್ದು 60,000 ಯೂನಿಟ್‌ನ ಡಿ3 (ವಿಟಮಿನ್ ಡಿಯ ಒಂದು ರೂಪ) ಪುಡಿ, ವಾರಕ್ಕೊಂದು ಪೊಟ್ಟಣದಂತೆ ಎಂಟು ವಾರ. ಎಂಟನ್ನೂ ಮುಗಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಪುಡಿಗೆ ನಸುಸಿಹಿಯಾದ ರುಚಿಯಿದೆ. ನೀರಿನಲ್ಲಿ ಎಷ್ಟು ಕದಡಿದರೂ ಪೂರ್ತಿ ಕರಗದೆ ಲೋಟದ ಅಂಚಿಗೆ ಮೆತ್ತಿಕೊಳ್ಳುತ್ತದೆ. ಬೆಚ್ಚಗಿನ ಹಾಲಿನಲ್ಲಾದರೆ ತೊಂದರೆಯಿಲ್ಲ. ಈ ವಿಟಮಿನ್ ಕೊಬ್ಬಿನಲ್ಲಿ ಕರಗುವಂಥದ್ದಾದ್ದರಿಂದ ಕೆನೆ ತೆಗೆಯದ ಹಾಲಿನಲ್ಲಿ, ಅದೂ ಊಟವಾದ ಮೇಲೆ ಕುಡಿಯುವುದು ಲೇಸು. ಪ್ರಾಣಿಮೂಲದ ಜಿಲೆಟಿನ್ ಬೇಡವೆಂದು ಕ್ಯಾಪ್ಸೂಲ್ ಬಿಟ್ಟು ಪುಡಿಯನ್ನು ಆರಿಸಿಕೊಳ್ಳುವ ಸಸ್ಯಾಹಾರಿಗಳಿಗೆ ಒಂದು ಮಾತು: ಡಿ3ಯನ್ನು ಬಹುಮಟ್ಟಿಗೆ ಕುರಿಯ ಉಣ್ಣೆಯ ಜಿಡ್ಡಿನಿಂದಲೇ ತಯಾರಿಸುತ್ತಾರೆ.

ನನ್ನ ತಕರಾರು ಇರುವುದು ಪೊಟ್ಟಣದ ಮೇಲೆ. ವಾರಕ್ಕೊಮ್ಮೆ ಎಂಬ ಮಾತು ಅದರಲ್ಲಿ ಎದ್ದು ಕಾಣುವಂತೆ ಎಲ್ಲಿಯೂ ಇಲ್ಲ, ಕನ್ನಡದಲ್ಲಂತೂ ಒಂದಕ್ಷರವೂ ಇಲ್ಲ. ಇದೇ ಪುಡಿಯನ್ನು ನಮ್ಮ ತಂದೆಯವರಿಗೂ ಬರೆದುಕೊಟ್ಟಿದ್ದರು; ಔಷಧಿ ಅಂಗಡಿಯವರು ಕವರಿನ ಮೇಲೆ ಅಭ್ಯಾಸಬಲದಿಂದ ‘1-0-0’, ಅಂದರೆ ದಿನವೂ ಬೆಳಿಗ್ಗೆ ಒಂದು, ಎಂದು ಗೀಚಿಕೊಟ್ಟರು. ತಂದೆಯವರು ಬಿಪಿ ಮಾತ್ರೆಯ ಜೊತೆಗೆ ದಿನಕ್ಕೊಂದರಂತೆ ನಾಲ್ಕು ಪೊಟ್ಟಣ ಮುಗಿಸಿದ ಮೇಲಷ್ಟೇ ನಮ್ಮ ಗಮನಕ್ಕೆ ಬಂತು. ವೈದ್ಯರು ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿದರು; ಪುಣ್ಯಕ್ಕೆ ಸರಿಯಾಗಿಯೇ ಇತ್ತು. ಇದೇ ತಪ್ಪು ತಿಂಗಳುಗಟ್ಟಲೆ ನಡೆದಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಕರಿಕೆ, ಮಲಬದ್ಧತೆ, ಅತಿಯಾದ ಬಾಯಾರಿಕೆಯಿಂದ ಹಿಡಿದು ಮೂತ್ರಪಿಂಡದ ಹಾನಿಯವರೆಗೂ ಹೋಗಬಹುದಿತ್ತು.

ಲೆಕ್ಕ ಹಾಕಿ ನೋಡಿದರೆ ಅಪಾಯ ತಿಳಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವಯಸ್ಕರಿಗೆ ಸೂಚಿಸಿದ್ದು ದಿನಕ್ಕೆ 600 ಯೂನಿಟ್, ಅಂದರೆ ಒಂದು ಪೊಟ್ಟಣದಲ್ಲಿ ನೂರು ದಿನದ ಪಾಲು ಇದೆ. ವೈದ್ಯರ ಸಲಹೆಯಿಲ್ಲದೆ ದಿನಕ್ಕೆ 4,000 ಯೂನಿಟ್ ದಾಟಬಾರದೆನ್ನುತ್ತಾರೆ. ವಾರಕ್ಕೊಂದು ಪೊಟ್ಟಣವೆಂದರೂ ದಿನದ ಸರಾಸರಿ ಸುಮಾರು 8,570 ಆಗುತ್ತದೆ. ಕೊರತೆ ತುಂಬಿಕೊಳ್ಳಲು ಎಂಟು ವಾರ ಸರಿ, ನೆಂಟರು ಹೇಳಿದರೆಂದು ವರ್ಷವಿಡೀ ಕುಡಿಯುವ ವಸ್ತುವಲ್ಲ. ಹಾರ್ಮೋನು ತಜ್ಞರ ಸಂಘವಾದ ಅಮೆರಿಕದ ಎಂಡೋಕ್ರೈನ್ ಸೊಸೈಟಿಯ 2024ರ ಮಾರ್ಗಸೂಚಿಯಂತೂ, 75 ವರ್ಷದೊಳಗಿನ ಆರೋಗ್ಯವಂತ ವಯಸ್ಕರು ದಿನನಿತ್ಯದ ಶಿಫಾರಸು ಪ್ರಮಾಣಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ಬೇಡವೆಂದೇ ಹೇಳುತ್ತದೆ.

ಹನ್ನೆರಡನೆಯ ವಾರ ಮತ್ತೆ ಪರೀಕ್ಷೆ ಮಾಡಿಸಿದಾಗ ನನ್ನದು 34ಕ್ಕೆ ಏರಿತ್ತು. ಮೊಣಕಾಲು ನೋವು ಸ್ವಲ್ಪ ಕಡಿಮೆಯಾಗಿದೆ, ಆದರೆ ಆ ಶ್ರೇಯಸ್ಸು ಪುಡಿಯದೋ ಜೊತೆಗೆ ಮಾಡಿದ ವ್ಯಾಯಾಮದ್ದೋ ಹೇಳಲಾರೆ. ಪುಡಿಗೆ ಐದರಲ್ಲಿ ನಾಲ್ಕು ಅಂಕ, ಪೊಟ್ಟಣಕ್ಕೆ ಒಂದು. ತಂದೆಯವರ ಉಳಿದ ಪೊಟ್ಟಣಗಳನ್ನು ವೈದ್ಯರು ಸದ್ಯಕ್ಕೆ ನಿಲ್ಲಿಸಿದ್ದಾರೆ. ಅವು ಈಗ ನನ್ನ ಬೀರುವಿನಲ್ಲಿವೆ.